ಮೇಲಿನ ಸರ್ವರ್ ಯಾವುದು ಸ್ವಾಮಿ?

ಗ್ರಾಮಜಾಲ ಯೋಜನೆಯ ಮಾನ್ಯ ವಿಭಾಗೀಯ ಅಧಿಕಾರಿಗಳೇ,

ತಮ್ಮ ಚಿಂಚೋಳಿ ಮತ್ತು ಸೇಡಂ ಕೇಂದ್ರಗಳ ನೇಮ್ ಸರ್ವರ್‌ಗಳು ಹದಿನಾಲ್ಕು ದಿನಗಳಿಂದ ಒಂದನ್ನೊಂದು ಕೇಳುತ್ತ ಕುಳಿತಿವೆ. ಉತ್ತರ ಮಾತ್ರ ಯಾರಿಗೂ ಸಿಕ್ಕಿಲ್ಲ. ಇದೇ ನನ್ನ ದೂರು. ‘ಮೇಲಿನ ಕಚೇರಿಗೆ ರವಾನಿಸಲಾಗಿದೆ’ ಎಂದು ಷರಾ ಬರೆಯುವ ಮೊದಲು ದಯವಿಟ್ಟು ಪೂರ್ತಿ ಓದಿ.

ನೇಮ್ ಸರ್ವರ್ ಎಂದರೆ ದಾರಿ ಹೇಳುವ ಗಣಕ. ಐನಾಪುರದ ಗ್ರಂಥಾಲಯದಲ್ಲಿ ಕುಳಿತು ನಾನು ಒಂದು ಜಾಲತಾಣದ ಹೆಸರು ಒತ್ತಿದರೆ, ಅದು ಎಲ್ಲಿದೆಯೆಂದು ಚಿಂಚೋಳಿಯ ಸರ್ವರ್ ಹೇಳಬೇಕು; ಗೊತ್ತಿಲ್ಲದಿದ್ದರೆ ತನಗಿಂತ ಮೇಲಿನದನ್ನು ಕೇಳಿ ಹೇಳಬೇಕು. ‘ಪ್ರತಿ ಕೇಂದ್ರವೂ ತನ್ನ ಮೇಲಿನ ಸರ್ವರಿನ ವಿಳಾಸ ತುಂಬತಕ್ಕದ್ದು’ ಎಂದು ತಮ್ಮ ಸುತ್ತೋಲೆ ಅಪ್ಪಣೆ ಮಾಡಿತು. ಮೇಲಿನದು ಯಾವುದೆಂದು ಹೇಳುವ ಗೋಜಿಗೆ ಹೋಗಲಿಲ್ಲ. ಹೇಳಿಬಿಟ್ಟರೆ ಸುತ್ತೋಲೆಯ ಘನತೆ ಉಳಿಯುತ್ತದೆಯೇ?

ಚಿಂಚೋಳಿಯ ತಂತ್ರಜ್ಞ ಸಿದ್ದಲಿಂಗೇಶ ಅವರು, ಸೇಡಂ ದೊಡ್ಡ ಕೇಂದ್ರವೆಂದು ಅದರ ವಿಳಾಸ ತುಂಬಿದರು. ಸೇಡಂನ ಸುರೇಶಕುಮಾರ ತುಂಬಿದ್ದು ಚಿಂಚೋಳಿಯ ವಿಳಾಸ! ಬಸ್ಸು ಹತ್ತಿ ಹೋಗಿ ಕೇಳಿದೆ. “ಸಿದ್ದಲಿಂಗೇಶ ಸರ್ ನನಗ ಕೆಲ್ಸ ಕಲಿಸಿದವ್ರರಿ. ಸರ್ವಿಸ್‌ದಾಗೂ ಆರು ವರ್ಷ ಹಿರೇರು. ಅವ್ರನ್ನ ಬಿಟ್ಟು ಬ್ಯಾರೇದವ್ರನ್ನ ಮ್ಯಾಲಿನವ್ರಂತ ಹ್ಯಾಂಗ ಬರೀಲ್ರಿ?” ಎಂದು ಚಹಾ ತರಿಸಿದರು. ಇಂಥ ವಿನಯವಂತರನ್ನು ಬೈಯುವುದಾದರೂ ಹೇಗೆ? ಸಿದ್ದಲಿಂಗೇಶರಿಗೆ ಫೋನ್ ಮಾಡಿದರೆ, “ಅವ್ರು ದೊಡ್ಡ ಕೇಂದ್ರದಾಗ ಅದಾರ. ಮ್ಯಾಲಿಂದ ಆರ್ಡರ್ ಬರದೆ ನಾ ಅವ್ರ ವಿಳಾಸ ತೆಗ್ಯಾಂಗಿಲ್ರಿ” ಎಂದರು. ಬಸ್ಸಿನ ಬಾಗಿಲಲ್ಲಿ ಇಬ್ಬರು ‘ನೀವ್ ಹತ್ರಿ, ನೀವ್ ಹತ್ರಿ’ ಎನ್ನುತ್ತ ನಿಂತರೆ ಬಸ್ಸು ಸುಲೇಪೇಟ ದಾಟಿರುತ್ತದೆ.

ನಗು ನಮಗೆ, ಅಳು ಭಾಗ್ಯಳಿಗೆ. ನಮ್ಮೂರ ಜಗದೇವಿಯ ಈ ಮಗಳಿಗೆ ಕಲಬುರಗಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಹಾಸ್ಟೆಲ್ ಸಿಗದಿದ್ದರೆ ತಾಯಿ ಕಳಿಸುವುದಿಲ್ಲ. ಮೊಬೈಲಿನಲ್ಲಿ ಹಾಸ್ಟೆಲ್ ಅರ್ಜಿ ಹಾಕಬಹುದಿತ್ತಲ್ಲ ಎನ್ನಬೇಡಿ, ಗ್ರಾಮಜಾಲದ ಗಣಕದಿಂದಲೇ ಹಾಕಬೇಕೆಂಬ ನಿಯಮವೂ ತಮ್ಮದೇ. ಮೂರು ದಿನ ಅವಳು ನನ್ನ ಗಣಕದ ಮುಂದೆ ಕುಳಿತಳು. ಕಳೆದ ಶುಕ್ರವಾರ ಸಂಜೆ ಐದಕ್ಕೆ ಗಡುವು ಮುಗಿಯಿತು.

ಹಾಸ್ಟೆಲ್ ವಾರ್ಡನ್ ಪೂನಮ್ ಮೇಡಂ ಪುಣ್ಯಾತ್ಮರು. “ಜಾಲ ಬಂದ್ ಇತ್ತಂತ ನಿಮ್ಮ ಸಾಹೇಬ್ರ ಸಹಿ ಇರೋ ಒಂದ್ ಚೀಟಿ ತರ್ರಿ. ಹತ್ತು ದಿನ ಅಕಿ ಜಾಗಾ ಹಿಡದಿಡ್ತೀನಿ” ಎಂದರು. ಚೀಟಿಗಾಗಿ ತಮಗೆ ಅರ್ಜಿ ಹಾಕಿದೆ. ತಾವು ಸೇಡಂಗೆ ಕಳಿಸಿದಿರಿ, ಸೇಡಂ ಚಿಂಚೋಳಿಗೆ ಕಳಿಸಿತು, ಚಿಂಚೋಳಿಯವರು ‘ಸೂಕ್ತ ಕ್ರಮಕ್ಕಾಗಿ’ ಎಂದು ನನಗೇ ಕಳಿಸಿದ್ದಾರೆ. ಸೂಕ್ತ ಕ್ರಮ ಕೈಗೊಳ್ಳುವಷ್ಟು ಅಧಿಕಾರ ನನಗಿದ್ದರೆ ತಮ್ಮ ಬಾಗಿಲು ಏಕೆ ತಟ್ಟುತ್ತಿದ್ದೆ?

ಭಾಗ್ಯ ದಿನಾ ಬೆಳಿಗ್ಗೆ ಬಂದು “ಏನಾತ್ರಿ ಸರ್?” ಎನ್ನುತ್ತಾಳೆ. ಮೇಲಿನವರನ್ನು ಕೇಳಿದ್ದೇನೆ ಎಂದು ಹೇಳಲು ನನಗೆ ನಾಚಿಕೆ.

ಸೇಡಂ ಸರ್ವರಿನಲ್ಲಿ ತಮ್ಮ ಸರ್ವರಿನ ವಿಳಾಸ ಬರೆಸಿ, ಎರಡು ನಿಮಿಷದ ಕೆಲಸ. ಅದು ತಡವಾದರೂ ಸಹಿಸುತ್ತೇವೆ. ಆದರೆ ಪೂನಮ್ ಮೇಡಂ ಕೊಟ್ಟ ಹತ್ತು ದಿನ ಬರುವ ಸೋಮವಾರ ಮುಗಿಯುತ್ತವೆ. ಚೀಟಿಯನ್ನು ಈ ಪತ್ರದ ಕೆಳಗೇ ಅಚ್ಚು ಹಾಕಿಸಿದ್ದೇನೆ. ಕತ್ತರಿಸಿ, ಸಹಿ ಮಾಡಿ. ಅಲ್ಲಿ ಒಂದೇ ಹೆಸರಿಗೆ ಜಾಗವಿದೆ, ಅದು ತಮ್ಮದು.

ಇಂತಿ,
ತನ್ನ ದೂರಿಗೆ ತಾನೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಬಂದಿರುವ
ಅಮರನಾಥ
ಗ್ರಂಥಾಲಯ ಮೇಲ್ವಿಚಾರಕ, ಐನಾಪುರ