ಸ್ಟೇಬಲ್ ಎಂದರೆ

ಫೆಬ್ರವರಿ ೧೮, ಮಂಗಳವಾರ. ಚಿಕ್ಕಮಗಳೂರು, ಆಸ್ಪತ್ರೆಯ ಬೆಂಚು.

ತಪ್ಪು ಅರ್ಥ ಹೇಳಿ ಅಕ್ಕನನ್ನು ಊರಿಗೆ ಕಳಿಸಿಬಿಟ್ಟೆ.

ರಮಾಕಾಂತ ಭಾವ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಮೂರು ದಿನ. ಇನ್ನೂ ಕಣ್ಣು ತೆರೆದಿಲ್ಲ. ಮಧ್ಯಾಹ್ನ ಡಾಕ್ಟರು ಐಸಿಯು ಬಾಗಿಲಲ್ಲಿ ‘ಸ್ಟೇಬಲ್’ ಎಂದಷ್ಟೇ ಹೇಳಿ ಒಳಗೆ ಹೋದರು. ಅಕ್ಕ ನನ್ನ ಕಡೆ ತಿರುಗಿದಳು.

“ಅಂದ್ರೆ ಎಂತ ಮಾರಾಯ್ತಿ? ಅಷ್ಟು ಪುಸ್ತಕ ಓದ್ತೀಯಲ್ಲ, ಹೇಳು.”

“ಪರವಾಗಿಲ್ಲ ಅಂತ, ಅಕ್ಕ.”

ಮೂರು ದಿನದಲ್ಲಿ ಮೊದಲ ಸಲ ನಕ್ಕಳು. “ಹಾಗಾದ್ರೆ ಎದ್ದ ಕೂಡ್ಲೇ ನಂಗೆ ಬೈತಾರೆ. ಕೊಯ್ದ ಮೆಣಸು ರಾಶಿಯಲ್ಲೇ ಮುಗ್ಗು ಹಿಡೀತಿದೆ. ಹೋಗಿ ಹರವಿ ಬರ್ತೀನಿ.” ಕಳಸದ ಬಸ್ಸಿಗೆ ನಾನೇ ಹತ್ತಿಸಿದೆ.

ಅನುವಾದದ ಕಾದಂಬರಿಯಲ್ಲಿ ಒಂದು ವಿಶೇಷಣ ಸಡಿಲವಾದರೂ ಪೆನ್ಸಿಲಿನಲ್ಲಿ ಗೆರೆ ಎಳೆಯುವವಳು ನಾನು. ‘ಸ್ಟೇಬಲ್’ ಎಂಬ ಪದದಲ್ಲಿ ‘ಗುಣವಾಗುತ್ತಿದೆ’ ಎಂಬುದು ಎಲ್ಲಿಯೂ ಇಲ್ಲ. ಭಾವ ಬೆಳಿಗ್ಗೆ ಇದ್ದ ಹಾಗೆಯೇ ಇದ್ದಾರೆ, ಅಷ್ಟೇ. ಬೆಳಿಗ್ಗೆ ಅವರ ಉಸಿರನ್ನು ಯಂತ್ರ ಆಡಿಸುತ್ತಿತ್ತು. ನನಗೆ ಗೊತ್ತಿತ್ತು. ಅಕ್ಕನ ಮುಖ ನೋಡಲಾರದೆ ಹಾಗೆ ಹೇಳಿದೆ.

ಈಗ ಆ ಬಾಗಿಲು ತೆರೆದಾಗಲೆಲ್ಲ ನನ್ನನ್ನೇ ಕರೆಯುತ್ತಾರೆ ಎನಿಸುತ್ತದೆ. ಏನಾದರೂ ಆದರೆ ಅವಳು ಅಲ್ಲಿ, ಅವರು ಇಲ್ಲಿ.

ಒಂಬತ್ತಕ್ಕೆ ಫೋನ್ ಮಾಡಿದೆ. “ಅಕ್ಕ, ನಾನು ಹೇಳಿದ್ದು ಸರಿಯಲ್ಲ. ಭಾವ ಇನ್ನೂ ಹಾಗೇ ಇದಾರೆ.”

ಬೈಯಲಿ ಎಂದು ಕಾದೆ. ಬೈಯಲಿಲ್ಲ. “ಜೀಪಿನವನಿಗೆ ಹೇಳ್ತೀನಿ. ನೀನು ಅಲ್ಲಿಂದ ಏಳ್ಬೇಡ” ಎಂದಳು.

ಮೂರು ಗಂಟೆಯ ದಾರಿ. ಗುಣವಾಗಲಿ ಎಂದು ಕೂಡ ಈಗ ಕೇಳುತ್ತಿಲ್ಲ. ಅವಳು ಬರುವವರೆಗೆ ಹೀಗೇ ಇರಲಿ, ಇದೇ ‘ಸ್ಟೇಬಲ್’ ಸಾಕು.