ಹನ್ನೊಂದು ಪುಟ ಹೊಡೆದು ಹಾಕಿದ ಲೇಖಕಿಗೆ

ವಿಜಯಪುರ
ಫೆಬ್ರುವರಿ ೩೦, ೨೧೪೭

ಇಂದುಮುಖಿ ಕಟ್ಟಿಯವರೇ,

ತಾರೀಖು ತಪ್ಪಿಲ್ಲ; ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಅದಕ್ಕೆ ಕ್ಷಮೆ ಕೇಳುತ್ತೇನೆ. ಮುಂದೆ ಬರೆಯುವುದಕ್ಕೆ ಕ್ಷಮೆ ಕೇಳುವುದಿಲ್ಲ.

ನಾನು ನೀಲಾಂಬಿಕೆ, ಕೇಳುಮನೆಯಲ್ಲಿ ಕೆಲಸ. ಈಗ ಓಣಿಗೊಂದು ಕೇಳುಮನೆ ಇದೆ: ಒಂದು ಚಾಪೆ, ಕುಡಿಯುವ ನೀರು, ಹುರಿದ ಶೇಂಗಾ, ಚಿಲಕವಿಲ್ಲದ ಬಾಗಿಲು. ಯಾವ ಮಗುವಾದರೂ ಬಂದು ಮನೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಬಹುದು. ಅದು ಮುಗಿಸುವತನಕ ನಾವು ಬಾಯಿ ಹಾಕುವಂತಿಲ್ಲ. ಇದನ್ನು ಶುರು ಮಾಡಿದವಳು ನನ್ನ ಮುತ್ತಜ್ಜಿ ದಾನೇಶ್ವರಿ. ಅದು ಬೇಕೆಂದು ಅವಳಿಗೆ ತಿಳಿದದ್ದರಲ್ಲಿ ನಿಮ್ಮ ಪಾಲೂ ಇದೆ.

ಅವಳಿಗೆ ಹದಿನಾಲ್ಕು ವರ್ಷವಾಗಿದ್ದಾಗ ಗಣಿತ ಹೇಳಿಕೊಡಲು ಮನೆಗೊಬ್ಬ ಮಾಸ್ತರ ಬರುತ್ತಿದ್ದ. ಪಾಠದ ನೆಪದಲ್ಲಿ ಬಾಗಿಲು ಹಾಕಿಕೊಂಡು ಅವಳ ಮೈಮೇಲೆ ಕೈ ಹಾಕುತ್ತಿದ್ದ. ಅದೇ ವರ್ಷ ಶಾಲೆಯ ಕಪಾಟಿನಲ್ಲಿ ಅವಳಿಗೆ ನಿಮ್ಮ ಕಾದಂಬರಿ ಸಿಕ್ಕಿತು. ಅದರಲ್ಲೂ ಅಂಥದೇ ಹುಡುಗಿ, ಅಂಥದೇ ಗಂಡಸು. ಹುಡುಗಿ ತಾಯಿಗೆ ಹೇಳುತ್ತಾಳೆ, ತಾಯಿ ತಬ್ಬಿಕೊಳ್ಳುತ್ತಾಳೆ, ಮುಂದಿನ ಪುಟದಲ್ಲಿ ಪೊಲೀಸರು ಬರುತ್ತಾರೆ. ದಾನೇಶ್ವರಿ ನಂಬಿದಳು. ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕ ಕೂತು ಹೇಳಿಬಿಟ್ಟಳು.

ಅವ್ವನ ಕೈ ನಿಂತಿತು. "ಇನ್ನೊಮ್ಮೆ ಈ ಮಾತ ಬಾಯಾಗ ಬಂದ್ರ ನೋಡು. ದೇವರಂಥಾ ಮನಶ್ಯಾರ ಅವ್ರು."

ತಾನು ಹೇಳಿದ ರೀತಿಯೇ ತಪ್ಪಿರಬೇಕೆಂದುಕೊಂಡಳು ಆ ಹುಡುಗಿ. ನಿಮ್ಮ ಪುಸ್ತಕ ತೆರೆದು, ಆ ಪಾತ್ರ ಆಡಿದ ಮಾತನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿ, ಮರುದಿನ ಹಾಗೇ ಒಪ್ಪಿಸಿದಳು. ಈ ಸಲ ಕೆನ್ನೆಗೆ ಏಟು ಬಿತ್ತು. "ಇಂಥಾ ಬುಕ್ಕ ಓದಿನ ತಲಿ ಕೆಟ್ಟೈತಿ ನಿಂದು!"

ಮಾಸ್ತರ ಸೋಮವಾರ ಎಂದಿನಂತೆ ಬಂದ. ಅವಳು ಹತ್ತೊಂಬತ್ತು ವರ್ಷ ಬಾಯಿ ಬಿಡಲಿಲ್ಲ. ಕೊನೆಗೆ ನೆರೆಮನೆಯ ಶಕೀಲಾ ತನ್ನ ಮಗಳಿಗೆ ಅದೇ ಮಾಸ್ತರನನ್ನು ಗೊತ್ತು ಮಾಡಿದ್ದು ತಿಳಿದಾಗ, ಮೆಟ್ಟಿಲು ಹತ್ತಿ ಹೋಗಿ ಎಲ್ಲ ಹೇಳಿದಳು. ಶಕೀಲಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಡೀರಿ ಅಕ್ಕಾ, ಸ್ಟೇಷನ್ನಿಗೆ ಹೋಗೂಣು" ಎಂದು ಚಪ್ಪಲಿ ಮೆಟ್ಟಿದಳು. ಅವನಿಗೆ ಶಿಕ್ಷೆಯಾಯಿತು. ಆಮೇಲೆ ಇವರಿಬ್ಬರೂ ಶಕೀಲಾಳ ಪಡಸಾಲೆಯಲ್ಲಿ ಮೊದಲ ಕೇಳುಮನೆ ತೆರೆದರು.

ನಿಮ್ಮ ಹಸ್ತಪ್ರತಿಯನ್ನು ನಾನು ನೋಡಿದ್ದೇನೆ. ನೀವು ಮೊದಲು ಬರೆದದ್ದರಲ್ಲಿ ತಾಯಿ ಮಗಳನ್ನು ನಂಬುವುದಿಲ್ಲ. ಸೋದರತ್ತೆ ನಗುತ್ತಾಳೆ. ಹುಡುಗಿ ಮೂರನೆಯವರಿಗೆ ಹೇಳುತ್ತಾಳೆ, ಶಾಲೆಯ ಅಡುಗೆಯವಳಿಗೆ, ಅವಳು ನಂಬುತ್ತಾಳೆ. ಹನ್ನೊಂದು ಪುಟ. ಅವುಗಳ ಮೇಲೆ ಅಡ್ಡಗೀಟು, ಪಕ್ಕದಲ್ಲಿ ನಿಮ್ಮದೇ ಅಕ್ಷರ: "ಮಕ್ಕಳು ಹೆದರುತ್ತಾರೆ."

ಮಕ್ಕಳು ಆಗಲೇ ಹೆದರಿದ್ದರು, ತಾಯಿ. ಹೆದರಿದ್ದು ನೀವು: ಪಾಲಕರಿಗೆ, ಪ್ರಕಾಶಕರಿಗೆ, ಬಹುಮಾನ ಕೊಡುವವರಿಗೆ. ನಿಮಗೆ ಸತ್ಯ ಗೊತ್ತಿತ್ತು. ಗೊತ್ತಿದ್ದೂ ಮಗುವಿನ ಕೈಗೆ ಸುಳ್ಳು ಕೊಟ್ಟಿರಿ.

ಈ ಪತ್ರ ಕಾಲದಲ್ಲಿ ಹಿಂದಕ್ಕೆ ಬಂದು ನಿಮ್ಮನ್ನು ತಲುಪುವ ದಿನ ಆ ಹಾಳೆಗಳು ಇನ್ನೂ ನಿಮ್ಮ ಮೇಜಿನ ಮೇಲಿರುತ್ತವೆ, ಅಚ್ಚಿಗೆ ಹೋಗಿರುವುದಿಲ್ಲ. ನಿಮಗೆ ನನ್ನಿಂದ ನಮಸ್ಕಾರವಿಲ್ಲ. ನಿಮ್ಮ ಕಾಲದಲ್ಲಿ ದಾನೇಶ್ವರಿಗೆ ಈಗ ಹದಿಮೂರು. ಮೊದಲ ಸಲ ನಂಬದಿದ್ದರೆ ಇನ್ನೊಬ್ಬರಿಗೆ ಹೇಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ನೀವು ಹೇಳಿ.

ನೀಲಾಂಬಿಕೆ