ಇನ್ನೂರು ಅಗಲ, ಇನ್ನೂರ ಮೂವತ್ತು ಎತ್ತರ

ಜೂನ್ 3, ಬೆಳಿಗ್ಗೆ

ಈ ಸ್ಟುಡಿಯೋದ ಯಜಮಾನಿ ನಾನು. ಇದರ ಹಿಂಬದಿಯ ಮನೆಗೂ ನಾನೇ. ಗಂಡ ತೀರಿಕೊಂಡ ಮೇಲೆ ಕ್ಯಾಮೆರಾ ಹಿಡಿದೆ. ಮಗನ ಕುರ್ಚಿ ಖಾಲಿಯಾದ ಮೇಲೆ ಕಂಪ್ಯೂಟರ್ ಕಲಿತೆ. ಓದಿದ್ದು ಹೈಸ್ಕೂಲು. ಆದರೂ ಯಾವ ಅರ್ಜಿಗೆ ಎಷ್ಟು ಪಿಕ್ಸೆಲ್ ಅಗಲ, ಎಷ್ಟು ಎತ್ತರ ಎಂದು ಈ ಬೀದಿಯವರು ಕೇಳುವುದು ನನ್ನನ್ನೇ. ಇಲ್ಲಿಂದ ಹೋದ ಫೋಟೋ ಅಳತೆ ತಪ್ಪಿ ವಾಪಸ್ ಬಂದದ್ದಿಲ್ಲ.

ಬೆಳಿಗ್ಗೆ ಬಂದವಳು ಒಬ್ಬ ಕಾಲೇಜು ಹುಡುಗಿ. ಕಿವಿ ದೊಡ್ಡದಾಗಿ ಕಾಣುತ್ತದಂತೆ. "ಆಂಟಿ, ಕ್ರಾಪ್ ಮಾಡಿ ತೆಗೆದುಬಿಡಿ." "ತೆಗೆದ್ರೆ ಕನ್ನಡಕ ಎಲ್ಲಿಗೆ ಸಿಕ್ಕಿಸ್ಕೋತೀಯ?" ಅಂದೆ. ತೆಪ್ಪಗೆ ನೇರ ಕೂತಳು.

ಜೂನ್ 3, ಸಂಜೆ

ಸೊಸೆ ಎದುರು ಬಂದು ನಿಂತಳು. ಕೈಯಲ್ಲಿ ಅರ್ಜಿ. ಅವಳ ಗಂಡ, ನನ್ನ ಮಗ, ಸತ್ತಿದ್ದಾನೆಂದು ಕಚೇರಿಯವರು ಬರೆದುಕೊಡಬೇಕಂತೆ.

"ಅತ್ತೆ, ಅವರ ಫೋಟೋ ಬೇಕು. ಇನ್ನೂರು ಅಗಲ, ಇನ್ನೂರ ಮೂವತ್ತು ಎತ್ತರ. ಚೂರು ಹೆಚ್ಚುಕಮ್ಮಿ ಆದ್ರೂ ತಗೊಳ್ಳಲ್ವಂತೆ. ನೀವು ಮಾಡಿ ಮೇಲ್ ಕಳಿಸಿ."

"ಯಾಕೆ, ನಿನಗೆ ಕೈ ಇಲ್ವಾ?"

"ಇದೆ. ನೀವು ಮಾಡಿ."

ಮಗ ಯಾರದೋ ಮದುವೆಯ ಫೋಟೋ ತೆಗೆಯಲು ದೋಣಿ ಹತ್ತಿದವನು. ದೋಣಿ ಮಗುಚಿತು. ಮಿಕ್ಕವರೆಲ್ಲ ಸಿಕ್ಕರು — ಬದುಕಿಯೋ, ಹೆಣವಾಗಿಯೋ. ಇವನು ಸಿಗಲಿಲ್ಲ. ಕಣ್ಣಾರೆ ಕಾಣದೆ ಮಗ ಸತ್ತ ಎನ್ನುವವಳಲ್ಲ ನಾನು. ಆದರೆ ಕಾನೂನು ಕಾಯಬೇಕಾದಷ್ಟು ವರ್ಷ ಕಾದು ಮುಗಿಸಿದೆಯಂತೆ.

ಈಗೇಕೆ ಅವಸರ ಎಂದು ಗೊತ್ತಿಲ್ಲದವಳೇನಲ್ಲ. ಎದುರು ಸಾಲಿನ ಕನ್ನಡಕದ ಅಂಗಡಿಯವನು. ಹೆಂಡತಿ ಸತ್ತು ಒಂಟಿ. ಆ ಕಾಗದ ಸಿಕ್ಕ ಮಾರನೇ ದಿನ ಇವರಿಬ್ಬರೂ ರಿಜಿಸ್ಟರ್ ಮದುವೆ ಆಗುತ್ತಾರೆ.

ಜೂನ್ 5

ಮಗನ ಫೋಟೋ ಹುಡುಕಿದೆ. ಬೀದಿಯವರೆಲ್ಲರ ಮುಖ ತೆಗೆದವನ ಮುಖವೇ ಇಲ್ಲ. ಇರುವ ಒಂದೆರಡರಲ್ಲೂ ಕಣ್ಣು ಮುಚ್ಚಿದ್ದಾನೆ. ಫ್ಲ್ಯಾಶಿಗೆ ಬೆಚ್ಚುವ ಫೋಟೋಗ್ರಾಫರ್! ಕಣ್ಣು ತೆರೆದಿರುವುದು ಒಂದೇ ಒಂದರಲ್ಲಿ — ಮನೆಮಂದಿಯ ಗ್ರೂಪ್ ಫೋಟೋ. ಅವನ ಕೈ ಸೊಸೆಯ ಹೆಗಲ ಮೇಲೆ.

ಕ್ರಾಪ್ ಚೌಕ ಎಳೆದೆ. ಗಂಡ ಹೋದರು. ನಾನು ಹೋದೆ. ಸೊಸೆ ಹೋದಳು. ಚೌಕದ ಹೊರಗೆಲ್ಲ ಕಪ್ಪು ಮಬ್ಬು, ಕೆಸರು ನೀರಿನಂತೆ. ಒಳಗೆ ಅವನೊಬ್ಬ... ನನ್ನನ್ನೇ ನೋಡುತ್ತ.

ತುಂಬಾ ಹೊತ್ತು ನೋಡಿ ತಲೆ ಎತ್ತಿದರೆ ಗೋಡೆಯ ಮೇಲೂ ಅವನೇ. ಹಳೇ ನೆಗೆಟಿವ್‌ನಂತೆ, ಮುಖ ಕಪ್ಪು, ಕೂದಲು ಬಿಳಿ. ರೆಪ್ಪೆ ಬಡಿದೆ. ಹೋಗಲಿಲ್ಲ.

ಮೇಲ್ ಕಳಿಸಿದೆ.

ಜೂನ್ 12

ವಾಪಸ್ ಬಂತು. ಅಳತೆ ಸರಿಯಿಲ್ಲವಂತೆ. ಸೊಸೆ ಮುಖ ಸಪ್ಪೆ ಮಾಡಲಿಲ್ಲ. "ಇನ್ನೊಂದ್ಸಲ ಕಳಿಸಿ ಅತ್ತೆ," ಅಂದಳು, ಅಷ್ಟೆ. ಕಳಿಸಿದೆ.

ಜೂನ್ 20

ಮತ್ತೆ ವಾಪಸ್. ಈ ಸಲ ಗುಮಾಸ್ತನೇ ಫೋನ್ ಮಾಡಿದ.

"ಅಮ್ಮಾ, ಅಗಲ ನೂರಾ ತೊಂಬತ್ತೊಂಬತ್ತೇ ಇದೆ. ಹೋದ್ಸಲವೂ ಇದೇ ಕಥೆ. ಯಾವುದಾದ್ರೂ ಒಳ್ಳೇ ಸ್ಟುಡಿಯೋದಲ್ಲಿ ಮಾಡಿಸಬಾರ್ದಾ?"

ನನಗೆ! ಬೇರೆ ದಿನವಾಗಿದ್ದರೆ ಅವನ ಚಳಿ ಬಿಡಿಸುತ್ತಿದ್ದೆ. "ಆಯ್ತಪ್ಪ," ಅಂದು ಇಟ್ಟೆ.

ಇದನ್ನು ಓದುವವರು ಯಾರೂ ಇಲ್ಲ, ಬರೆಯುತ್ತೇನೆ. ಕೈ ತಪ್ಪಿದ್ದಲ್ಲ. ಎರಡು ಸಲವೂ ಬೇಕೆಂದೇ ಒಂದು ಕಮ್ಮಿ ಹಾಕಿದೆ. ಒಂದು ಪಿಕ್ಸೆಲ್ ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ಅವರು ತಗೊಳ್ಳದಷ್ಟು ದಿನ ಅವನು ಸತ್ತಿಲ್ಲ. ಅವಳೂ ಹೋಗುವುದಿಲ್ಲ.

ಜೂನ್ 21, ಮಧ್ಯಾಹ್ನ

ಕನ್ನಡಕದವನು ಬಂದ. ಲೈಸೆನ್ಸಿಗೆ ಫೋಟೋ ಬೇಕಂತೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಬೆಳಕು ನೋಡೋಣವೆಂದು ಖಾಲಿ ಕುರ್ಚಿಗೆ ಕ್ಯಾಮೆರಾ ಹಿಡಿದೆ.

ಮುಖ ಹುಡುಕುವ ಹಳದಿ ಚೌಕ ಸ್ಕ್ರೀನಿನಲ್ಲಿ ಅತ್ತಿತ್ತ ಓಡಾಡಿತು. ನಿಂತಿತು. ಕುರ್ಚಿಯ ಮೇಲೆ — ಕೂತವರ ಮುಖ ಬರುವ ಎತ್ತರಕ್ಕೆ ಸರಿಯಾಗಿ. ಅಲ್ಲಿ ನೀಲಿ ಪರದೆ ಬಿಟ್ಟರೆ ಏನೂ ಇಲ್ಲ. ಮಡಿಕೆಯಿರಬೇಕು. ಹೋಗಿ ಎಳೆದು ನೀಟು ಮಾಡಿ ಬಂದೆ. ಚೌಕ ಅಲ್ಲೇ ಇತ್ತು. ಅಲುಗಲಿಲ್ಲ.

"ಕೂತ್ಕೊಳ್ಲಾ ಅಮ್ಮಾ?"

"ತಡಿ. ಜಾಗ ಖಾಲಿ ಆಗ್ಲಿ."

ಬಾಯಿಂದ ಹಾಗೇ ಬಂತು. ಅವನು ಕುರ್ಚಿ ನೋಡಿದ. ನನ್ನನ್ನು ನೋಡಿದ. ನಗಲಿಲ್ಲ, ಕೂರಲೂ ಇಲ್ಲ. "ಇನ್ನೊಂದಿನ ಬರ್ತೀನಮ್ಮ," ಅಂದು ಚಪ್ಪಲಿ ಮೆಟ್ಟಿಕೊಂಡ. ಕೆಟ್ಟವನಲ್ಲ. ಅದೇ ಕಷ್ಟ.

ಜೂನ್ 29

ಇಷ್ಟು ದಿನ ಪೆನ್ನು ಮುಟ್ಟಲಿಲ್ಲ. ಕಂಪ್ಯೂಟರಿನಲ್ಲಿ ಯಾರ ಮುಖಕ್ಕೆ ಕ್ರಾಪ್ ಚೌಕ ಇಟ್ಟರೂ ಅಂಚಿನ ಕಪ್ಪಿನಲ್ಲಿ ಒಂದು ಕೈ ಇದ್ದ ಹಾಗೆ ಕಾಣುತ್ತದೆ. ಚೌಕ ದೊಡ್ಡದು ಮಾಡಿ ನೋಡಿದರೆ ಇರುವುದಿಲ್ಲ. ಚಿಕ್ಕದು ಮಾಡಿದರೆ ಮತ್ತೆ...

ಇವತ್ತು ಒಗೆದ ಪರದೆ ಮಡಚುತ್ತಿದ್ದೆವು. ಸೊಸೆ ಆ ತುದಿ, ನಾನು ಈ ತುದಿ.

"ಅತ್ತೆ, ಈ ಸಲ ಎಷ್ಟು ಹಾಕ್ತೀರಿ? ನೂರಾ ತೊಂಬತ್ತೆಂಟಾ?"

ಮೈಯೆಲ್ಲ ಉರಿಯಿತು. "ಗೊತ್ತಿದ್ಮೇಲೆ ನೀನೇ ಮಾಡ್ಬೇಕಿತ್ತು! ನನಗೆ ಮೌಸ್ ಹಿಡಿಯೋಕೆ ಕಲಿಸಿದವಳೇ ನೀನಲ್ವೇನೇ?"

"ಮಾಡಿದ್ದೆ ಅತ್ತೆ. ಕಳಿಸೋಕಾಗ್ಲಿಲ್ಲ. ನಾನು ಕಳಿಸಿದ್ರೆ ನಾನೇ ಅವರನ್ನ ಸಾಯಿಸಿದ ಹಾಗೆ. ನೀವು ಕಳಿಸಿದ್ರೆ... ನೀವು ನನ್ನನ್ನ ಹೋಗಿ ಬಾ ಅಂದ ಹಾಗೆ."

"ನಾನು ಬೇಡ ಅಂದ್ರೆ?"

"ಬೇಡ ಅಂತ ಬಾಯಿಬಿಟ್ಟು ಹೇಳಿ. ಇಲ್ಲೇ ಇರ್ತೀನಿ. ಹೀಗೆ ಒಂದೊಂದು ಪಿಕ್ಸೆಲ್ ಕತ್ತರಿಸ್ಬೇಡಿ."

ಅಳಲಿಲ್ಲ. ಬಟ್ಟೆಯ ತನ್ನ ತುದಿ ಹಿಡಿದು ನಿಂತೇ ಇದ್ದಳು. ನನ್ನ ತುದಿ ಅವಳ ಕೈಗೆ ಕೊಟ್ಟೆ. ಮಡಚಿಕೊಂಡು ಒಳಗೆ ಹೋದಳು.

ಬೇಡ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಅಂದಿದ್ದರೆ ಅವಳು ಇರುತ್ತಿದ್ದಳು. ಅವಳ ಮಾತು ಅಂಥದು. ಅದಕ್ಕೇ ಹೆದರಿದೆ.

ಜುಲೈ 2, ಬೆಳಿಗ್ಗೆ

ಅಂಗಡಿ ತೆರೆದ ಕೂಡಲೇ ಕೂತೆ. ಮೊದಲು ಅರ್ಜಿ. ಅರ್ಜಿದಾರರ ಜಾಗದಲ್ಲಿ ಸೊಸೆಯ ಹೆಸರಿತ್ತು. ಅದನ್ನು ತೆಗೆದೆ. ನನ್ನದು ಹಾಕಿದೆ. ಸಂಬಂಧ: ತಾಯಿ. ಸಹಿ ಮಾಡಿ ಸ್ಕ್ಯಾನ್ ಮಾಡಿದೆ. ನಾಳೆ ಅವಳು ಹೊಸ ಮನೆಯಲ್ಲಿ ಕೂತು, ನಾನೇ ಸಾಯಿಸಿದೆ ಎಂದು ಕೊರಗಬಾರದು. ಆ ಮಾತು ಹೇಳುವುದಿದ್ದರೆ ಹೆತ್ತವಳು ಹೇಳಲಿ.

ಆಮೇಲೆ ಫೋಟೋ. ಅಗಲ — 200. ಎತ್ತರ — 230. ಅವನು ನೋಡುತ್ತಿದ್ದ. ನಾನೂ ನೋಡಿದೆ. ಮೊದಲು ಕಣ್ಣು ತಗ್ಗಿಸಿದವಳು ನಾನು.

ಮೇಲ್ ಹೋಯಿತು. ಗುಮಾಸ್ತ ಫೋನ್ ಮಾಡಿ ಅಳತೆ ಸರಿಯಿದೆ ಅಂದ. "ಈ ಸಲ ಯಾರ ಹತ್ರ ಮಾಡಿಸಿದ್ರಿ ಅಮ್ಮಾ?" ಫೋನ್ ಇಟ್ಟೆ.

ಅವಳಿಗಿನ್ನೂ ಗೊತ್ತಿಲ್ಲ. ಆಚೆ ಕೋಣೆಯಲ್ಲಿ ಕಸ ಗುಡಿಸುತ್ತಿದ್ದಾಳೆ. ಹೋಗಿ ಹೇಳಬೇಕು. ಹೇಗೆ ಶುರು ಮಾಡುವುದೋ. ಹೋಗಿ ಬಾ ಅಂತಲೇ ಮೊದಲು —